ಅಂಕುಡೊಂಕು ಕಲ್ಲಿನ ಗಾತ್ರ ಅಳೆಯುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಈ ಪ್ರಯೋಗ ಎಲ್ಲಾದರೂ ಒಂದು ಕಡೆ ಸಿಗುತ್ತದೆ. ನೀರಿಗೆ ಕಲ್ಲು ಹಾಕಿ, ಏರಿದ ನೀರೆಷ್ಟೋ ಕಲ್ಲಿನ ಗಾತ್ರ ಅಷ್ಟು ಎಂದು ಮಕ್ಕಳು ಪಟಪಟ ಹೇಳುತ್ತಾರೆ. ಅದೇ ಕಲ್ಲನ್ನು ಮೂವರ ಕೈಗೆ ಕೊಡಿ, ಮೂರು ಉತ್ತರ ಬರುತ್ತವೆ. ವಿಧಾನ ಸರಿಯಾಗಿಯೇ ಇದೆ. ಎಡವುವುದು ಕೈ ಮತ್ತು ಕಣ್ಣು.

ಮೊದಲು ಪಾತ್ರೆ. ಅಗಲದ ಡಬ್ಬಿ ಬೇಡವೇ ಬೇಡ. 10 ಘನ ಸೆಂ.ಮೀ. ಗಾತ್ರದ ಕಲ್ಲು 10 ಸೆಂ.ಮೀ. ಅಗಲದ ಡಬ್ಬಿಯಲ್ಲಿ ನೀರನ್ನು ಬರೀ ಒಂದೂಕಾಲು ಮಿಲಿಮೀಟರ್ ಏರಿಸುತ್ತದೆ. 3 ಸೆಂ.ಮೀ. ಅಗಲದ ಜಾಡಿಯಲ್ಲಾದರೆ 14 ಮಿ.ಮೀ. ಕಲ್ಲು ಒಳಗೆ ಇಳಿಯುವಷ್ಟು ಅಗಲ ಸಾಕು. ಅಡುಗೆಮನೆಯ ಅಗ್ಗದ ಪ್ಲಾಸ್ಟಿಕ್ ಅಳತೆ ಲೋಟಗಳನ್ನು ನಂಬಬೇಡಿ. ಅಳತೆ ಜಾಡಿ ಇಲ್ಲದಿದ್ದರೆ ನೆಟ್ಟಗಿನ ಗಾಜಿನ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ. ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜಿನಿಂದ ನೀರು ಹಾಕುತ್ತಾ ಗೆರೆ ಎಳೆಯುತ್ತಾ ಹೋಗಿ.

ಅರ್ಧ ಜಾಡಿ ನೀರು ತುಂಬಿ.

ಈಗ ಓದುವುದು. ಹೆಚ್ಚಿನವರು ಇಲ್ಲೇ ಕೆಡಿಸುತ್ತಾರೆ. ಗಾಜಿನ ಜಾಡಿಯಲ್ಲಿ ನೀರಿನ ಮೇಲ್ಮೈ ಸಮತಟ್ಟಾಗಿ ಇರುವುದಿಲ್ಲ. ಅಂಚಿನಲ್ಲಿ ಗಾಜಿಗೆ ಅಂಟಿ ಮೇಲೇರಿರುತ್ತದೆ, ನಡುವೆ ತಗ್ಗಿರುತ್ತದೆ. ಆ ತಗ್ಗಿನ ತಳವನ್ನೇ ಓದಬೇಕು. ಜಾಡಿಯನ್ನು ಕೈಯಲ್ಲಿ ಎತ್ತಿ ಹಿಡಿಯಬೇಡಿ, ಅದು ವಾಲುತ್ತದೆ. ಮೇಜಿನ ಮೇಲಿಟ್ಟು ನೀವೇ ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತನ್ನಿ. ಮೇಲಿನಿಂದ ನೋಡಿದರೆ ಅಂಕಿ ಜಾಸ್ತಿ ಕಾಣುತ್ತದೆ, ಕೆಳಗಿನಿಂದ ನೋಡಿದರೆ ಕಡಿಮೆ. ಜಾಡಿಯ ಹಿಂದೆ ಬಿಳಿ ಹಾಳೆ ಹಿಡಿದರೆ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಕಲ್ಲು ಹಾಕಿದ ಮೇಲೂ ಹೀಗೇ ಓದಿ.

ಕಲ್ಲನ್ನು ಮೇಲಿನಿಂದ ಬೀಳಿಸಬೇಡಿ. ನೀರು ಸಿಡಿಯುತ್ತದೆ, ಗಾಜು ಒಡೆಯಲೂಬಹುದು. ಹೊಲಿಗೆ ದಾರ ಕಟ್ಟಿ ನಿಧಾನ ಇಳಿಸಿ. ಸುತಳಿ ಬೇಡ, ಅದು ತಾನೇ ನೀರು ಕುಡಿಯುತ್ತದೆ. ಗುಳ್ಳೆ ಅಂಟಿದ್ದರೆ ದಾರವನ್ನು ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಹಂಚಿನ ಚೂರು, ಇಟ್ಟಂಗಿ ಚೂರಾದರೆ ಮೊದಲೇ ನೀರಲ್ಲಿ ನೆನೆಸಿ, ಗುಳ್ಳೆ ನಿಂತ ಮೇಲೆ ಹೊರಗಿನ ನೀರು ಒರೆಸಿ ಅಳೆಯಿರಿ.

ಎರಡನೇ ಓದಿನಿಂದ ಮೊದಲನೆಯದನ್ನು ಕಳೆಯಿರಿ. 1 ಮಿ.ಲೀ. ಅಂದರೆ 1 ಘನ ಸೆಂ.ಮೀ.

ಕಲ್ಲು ಮುಳುಗಿಸಿದಾಗ ಮೂತಿಯಿಂದ ಉಕ್ಕಿ ಹೊರಬಿದ್ದ ನೀರನ್ನು ಹಿಡಿದು ಅಳೆಯುವ ಡಬ್ಬಿ ನನಗೆ ಇಷ್ಟವಿಲ್ಲ. ಕೊನೆಯ ಹನಿ ಮೂತಿಯಲ್ಲೇ ನೇತಾಡುತ್ತದೆ. ಜಾಡಿಗೆ ಹಿಡಿಯದ ಕಲ್ಲಿಗೆ ಎಲೆಕ್ಟ್ರಾನಿಕ್ ತಕ್ಕಡಿಯೇ ಒಳ್ಳೆಯದು. ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ದಾರ ಹಿಡಿದು ಕಲ್ಲನ್ನು ಪೂರ್ತಿ ಮುಳುಗಿಸಿ, ಆದರೆ ತಳಕ್ಕಾಗಲಿ ಬದಿಗಾಗಲಿ ತಾಗಿಸಬೇಡಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಗಾತ್ರ ಅಷ್ಟೇ ಘನ ಸೆಂ.ಮೀ. ನೀರು ಕಲ್ಲನ್ನು ಎಷ್ಟು ಬಲದಿಂದ ಮೇಲಕ್ಕೆ ನೂಕುತ್ತದೋ ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ. ಆ ಬಲ ಪಕ್ಕಕ್ಕೆ ಸರಿದ ನೀರಿನ ತೂಕಕ್ಕೆ ಸಮ ಎಂದು ಆರ್ಕಿಮಿಡೀಸ್ 2,200 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದ. 1 ಘನ ಸೆಂ.ಮೀ. ನೀರು ತೂಗುವುದು ಹೆಚ್ಚುಕಡಿಮೆ 1 ಗ್ರಾಂ. ಇಲ್ಲಿ ಪಾತ್ರೆಯ ಅಗಲ ಲೆಕ್ಕಕ್ಕೇ ಬರುವುದಿಲ್ಲ.

ಪೇರಲ ಹಣ್ಣು, ಬ್ಯಾಡಗಿ ಮೆಣಸಿನಕಾಯಿಯಂಥವು ತೇಲಿದರೆ ಸಪೂರ ಸೂಜಿಯಿಂದ ನೀರೊಳಗೆ ಒತ್ತಿ ಹಿಡಿಯಿರಿ. ಬೆರಳು ಬೇಡ, ಬೆರಳಿನ ಗಾತ್ರವೂ ಸೇರುತ್ತದೆ. ಬೆಲ್ಲ, ಕಲ್ಲುಸಕ್ಕರೆ ನೀರಲ್ಲಿ ಕರಗುತ್ತವೆ ಅಲ್ವಾ? ಅವನ್ನು ಶೇಂಗಾ ಎಣ್ಣೆಯಲ್ಲಿ ಅಳೆಯಿರಿ. ಜಾಡಿಯಲ್ಲಾದರೆ ಲೆಕ್ಕ ಹಾಗೇ ಇರುತ್ತದೆ. ತಕ್ಕಡಿಯಲ್ಲಾದರೆ ಬಂದ ಗ್ರಾಂ ಅನ್ನು ಎಣ್ಣೆಯ ಸಾಂದ್ರತೆ 0.91ರಿಂದ ಭಾಗಿಸಿ.

ನಿಮ್ಮ ಕೈ ಕುದುರಿದೆಯಾ ಎಂದು ನೋಡಲು ಹಾರ್ಡ್‌ವೇರ್ ಅಂಗಡಿಯಿಂದ ಒಂದು ಉಕ್ಕಿನ ಬೋಲ್ಟ್ ತನ್ನಿ. ಗ್ರಾಂ ತೂಕವನ್ನು ಘನ ಸೆಂ.ಮೀ. ಗಾತ್ರದಿಂದ ಭಾಗಿಸಿದರೆ ಉಕ್ಕಿನ ಸಾಂದ್ರತೆ 7.8ರ ಆಸುಪಾಸು ಬರಬೇಕು. ತೀರಾ ಕಡಿಮೆ ಬಂದರೆ ಬೋಲ್ಟಿನ ಥ್ರೆಡ್ಡಿನ ಸಂದಿಯಲ್ಲಿ ಗುಳ್ಳೆ ಕೂತಿದೆಯಾ ನೋಡಿ, ಮತ್ತೊಮ್ಮೆ ಅಳೆಯಿರಿ.