ಜಾಗ ಬದಲಾದರೂ ಮಕ್ಕಳು ಬಿಟ್ಟು ಹೋಗಲಿಲ್ಲ

ಮುಂಬಯಿಯ ಮುಲುಂಡ್‌ನಲ್ಲಿ ಪಾಳಣಾಘರ್, ಅಂದರೆ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಮನೆ, ನಡೆಸುತ್ತ ನನಗೆ 14 ವರ್ಷ ಆಯಿತು. ಇಲ್ಲಿ ಬಾಡಿಗೆ ಅಂದರೆ 11 ತಿಂಗಳ ಅಗ್ರಿಮೆಂಟ್. ಒಮ್ಮೊಮ್ಮೆ ಅದು ಮುಗಿಯುವ ಹೊತ್ತಿಗೆ ಬಿಲ್ಡಿಂಗೇ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗಿರುತ್ತದೆ. ನಾವು ಗಂಟುಮೂಟೆ ಕಟ್ಟಿದರೆ ಮಕ್ಕಳೂ ನಮ್ಮ ಹಿಂದೆಯೇ ಬರಬೇಕು, ಅಲ್ವಾ?

ಮೊದಲ ಸಲ ಮಕ್ಕಳಿಗೆ ಏನೂ ಹೇಳಲಿಲ್ಲ. ಸುಮ್ನೆ ಯಾಕೆ ಹೆದರಿಸೋದು ಅಂದುಕೊಂಡೆ. ಶನಿವಾರ ಹಳೇ ಮನೆ, ಸೋಮವಾರ ಹೊಸದು. ಬಣ್ಣ, ಚಾಪೆ, ತಟ್ಟೆ ಎಲ್ಲಾ ಹೊಸದು. ಸುಮಾರು 18 ಸಾವಿರ ಸುರಿದಿದ್ದೆ. ವಾರವಿಡೀ ಅಳು. 11 ಮಕ್ಕಳಲ್ಲಿ 4 ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಿಂಗಳಿಗೆ 15-16 ಸಾವಿರದ ಹೊಡೆತ.

ಎರಡನೇ ಸಲ ಮಕ್ಕಳನ್ನು ಬದಲಾವಣೆಗೆ ಒಗ್ಗಿಸಲು ಆರು ವಾರ ಮೊದಲೇ ಶುರು ಮಾಡಿದೆ. ವಾರಕ್ಕೆ ಒಂದೇ ಬದಲಾವಣೆ, ಅದನ್ನೂ ಹಿಂದಿನ ದಿನವೇ ಹೇಳಿ. ನಾಳೆ ಕಿಟಕಿ ಪಕ್ಕ ಊಟ. ನಾಳೆ ಒಳಕೋಣೆಯಲ್ಲಿ ನಿದ್ದೆ. ಮಿಕ್ಕಿದ್ದೆಲ್ಲ ಇದ್ದ ಹಾಗೇ. "ಅಕ್ಕಾ, ಮಕ್ಕಳಿಗೆ ಒಂದೇ ರೂಢಿ ಇರಬೇಕು, ನೀವೇ ಕೆಡಿಸ್ತಿದ್ದೀರಿ" ಅಂದರು ನಮ್ಮ ಕಸುಬಿನವರೇ. ಮೂರನೇ ವಾರ ಎಡವಿದ್ದೂ ನಿಜ. ಹೊಸ ಕೆಲಸದಾಕೆ ಬಂದ ದಿನವೇ ಮಲಗುವ ಜಾಗವನ್ನೂ ಬದಲಿಸಿದೆ. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಊಟದ ಮೇಲೂ ಪ್ರಯೋಗ ಮಾಡಿ ನೋಡಿದೆ, ಅನ್ನದ ಬದಲು ರೊಟ್ಟಿ. ಅದೊಂದು ಬೇಡವೇ ಬೇಡ. ಹೊಟ್ಟೆ ಹಸಿದ ಮಗು ಏನನ್ನೂ ಕಲಿಯುವುದಿಲ್ಲ.

1,200 ಕೊಟ್ಟು ತಂದ ಚಿತ್ರದ ಕಾರ್ಡುಗಳನ್ನು ಯಾರೂ ತಿರುಗಿ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ಮೇಲೆ ದಿನಕ್ಕೊಂದು ಟಿಕಳಿ (ಹಣೆಗಿಡುವ ಬಿಂದಿ) ಅಂಟಿಸಲು ಕೊಟ್ಟೆ, ಹತ್ತು ರೂಪಾಯಿ ಪ್ಯಾಕೆಟ್. ಸರದಿಗಾಗಿ ಜಗಳ ಆಡಿದರು. ಹೊಸ ಮನೆಗೆ ಎಷ್ಟು ದಿನ ಉಳಿದಿದೆ ಅಂತ ಅವರೇ ನನಗೆ ಹೇಳತೊಡಗಿದರು.

ವಿಜಯಪುರದ ಕಡೆಯ ನಾಲ್ಕು ವರ್ಷದ ಹುಡುಗನೊಬ್ಬನಿದ್ದ. ಅಂಚು ನೆಗ್ಗಿದ ಸ್ಟೀಲ್ ಲೋಟ ಬಿಟ್ಟು ಬೇರೆಯದರಲ್ಲಿ ನೀರು ಕುಡಿಯುತ್ತಿರಲಿಲ್ಲ. ಮನೆ ಬದಲಿಸುವ ದಿನ ಲೋಟ ಅವನ ಕೈಯಲ್ಲೇ ಕೊಟ್ಟೆ. ಜಿಟಿಜಿಟಿ ಮಳೆ. ಎರಡೂ ಕೈಯಲ್ಲಿ ಹಿಡಿದು ತಂದ. ಹೊಸ ಮನೆಯ ಕಿಟಕಿಕಟ್ಟೆಯ ಮೇಲೆ ಇಟ್ಟ. ನೆಗ್ಗಿದ ಕಡೆಯನ್ನು ಗೋಡೆಗೆ ತಿರುಗಿಸಿದ, ಹಳೇ ಮನೆಯಲ್ಲಿ ಇಡುತ್ತಿದ್ದ ಹಾಗೆಯೇ. ಆಮೇಲೆ "ಮಾವಶಿ, ನೀರ ಎಲ್ಲಿ ಅದಾವು?" ಅಂದ. ನನಗೆ ಕಣ್ಣು ತುಂಬಿ ಬಂತು.

ಈ ಸಲ ಅತ್ತವರು ಇಬ್ಬರೇ, ಅದೂ ಎರಡು ದಿನ. ಒಬ್ಬರೂ ಬಿಟ್ಟು ಹೋಗಲಿಲ್ಲ. ಅಂದು ಬೈದವರೇ ಈಗ ಫೋನ್ ಮಾಡಿ ಕೇಳುತ್ತಾರೆ. ಎಲ್ಲಾ ಹೇಳುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ಮಗುವಿಗೆ ಹೇಳುವ ಮೊದಲ ಮಾತನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಆ ಹುಡುಗ ಜೂನ್‌ನಲ್ಲಿ ಶಾಲೆಗೆ ಸೇರುತ್ತಾನೆ. ಟಿಕಳಿ ಅಂಟಿಸುವುದು ಆಗಲೇ ಶುರುವಾಗಿದೆ.