ವಿಯೆಟ್ನಾಂ ಗುಂಪು ಪ್ರವಾಸ: ಅಡಿಕೆ ಮರ ಕಂಡ ಮೇಲೆ ಶುರುವಾದ ಮಾತು

ಹನೋಯ್ ಬಿಟ್ಟು ಒಂದು ಗಂಟೆಯಾಗಿತ್ತು. ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿದ್ದರು. ಕಿಟಕಿಯಾಚೆ ಬರೀ ಗದ್ದೆ. ನಾಟಿ ಮಾಡಿ ತಿಂಗಳಾಗಿದ್ದಿರಬಹುದು, ಸಸಿ ಇನ್ನೂ ಎಳೆ ಹಸಿರು. ಗದ್ದೆಯ ನಡುವೆ ಅಲ್ಲಲ್ಲಿ ಸಿಮೆಂಟಿನ ಗೋರಿಗಳು. ಆಮೇಲೆ ಒಂದು ಹಳ್ಳಿ ಬಂತು. ಒಂದು ಮನೆಯ ಮುಂದೆ ಎರಡು ಅಡಿಕೆ ಮರ. ಮುಂದಿನ ಮನೆಯ ಎದುರಿಗೆ ಮೂರು. ನಾನು ನಮ್ಮನೆಯವರ ಭುಜ ತಟ್ಟಿ ಎಬ್ಬಿಸಿದೆ. "ಹೌದಲ್ಲ, ಸಿಂಗಾರ ಬಿಟ್ಟಿದೆ ನೋಡು" ಎಂದರು ಅವರು.

ನಾವು ಶಿರಸಿ ಕಡೆಯವರು. ಮದುವೆಯಾಗಿ ಬಂದಾಗಿನಿಂದ ನನ್ನ ದಿನ ಅಡಿಕೆ ತೋಟದ ಸುತ್ತಲೇ ಕಳೆದಿದೆ. ಹಾಗಾಗಿ ಆ ಮರಗಳನ್ನು ಕಂಡು ಸುಮ್ನೆ ಕೂರಲು ಆಗಲಿಲ್ಲ. ಎದ್ದು ಮುಂದೆ ಹೋಗಿ, ಮೈಕ್ ಹಿಡಿದು ಕೂತಿದ್ದ ಗೈಡ್ ಹುಡುಗಿಯನ್ನು ಕೇಳಿದೆ: ಇಲ್ಲಿ ಅಡಿಕೆಯನ್ನು ಮನೆ ಮುಂದೆ ಯಾಕೆ ನೆಡುತ್ತಾರೆ? ತೋಟ ಇಲ್ವಾ?

ಆ ಹುಡುಗಿ ಎರಡು ದಿನದಿಂದ ನಮಗೆ ಇಸವಿ ಹೇಳುತ್ತಿದ್ದಳು. ಸಾಹಿತ್ಯ ದೇಗುಲ ಕಟ್ಟಿದ್ದು 1070ರಲ್ಲಿ, ಕಲ್ಲಿನ ಆಮೆಗಳ ಮೇಲೆ ನಿಲ್ಲಿಸಿದ ವಿದ್ವಾಂಸರ ಶಾಸನಗಳು 82, ಹೀಗೆ. ಚೆನ್ನಾಗಿಯೇ ಹೇಳುತ್ತಿದ್ದಳು, ಆದರೆ ನೂರು ಸಲ ಹೇಳಿದ ಪಾಠ ಅದು. ಅಡಿಕೆ ಅಂದ ಕೂಡಲೇ ಮೈಕ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಮುಂದೆ ಅಡಿಕೆ, ಹಿಂದೆ ಬಾಳೆ" ಎಂದು ಅವರಲ್ಲೊಂದು ಗಾದೆ ಇದೆಯಂತೆ. ಅಡಿಕೆ ಮರ ತೆಳ್ಳಗೆ ನೆಟ್ಟಗೆ ಬೆಳೆಯುವುದರಿಂದ ಮುಂದೆ ನೆಟ್ಟರೆ ಗಾಳಿ ಬೆಳಕಿಗೆ ಅಡ್ಡಿಯಾಗುವುದಿಲ್ಲ. ಬಾಳೆ ಅಗಲ ಎಲೆಯದ್ದು, ಹಾಗಾಗಿ ಹಿಂದೆ. ಅವಳ ಅಮ್ಮನ ಮನೆಯ ಮುಂದೆಯೂ ನಾಲ್ಕು ಮರ ಇವೆಯಂತೆ. ಅಡಿಕೆಗೆ ಅವರು ‘ಕಾವ್’ ಅನ್ನುತ್ತಾರೆ.

ಅಲ್ಲಿಂದ ಮುಂದಕ್ಕೆ ನಮ್ಮ ಪ್ರವಾಸವೇ ಬೇರೆಯಾಯಿತು. ಆದರೆ ಈ ಪ್ರವಾಸವನ್ನು ಹೇಗೆ ಆರಿಸಿಕೊಂಡೆವು ಅನ್ನುವುದನ್ನು ಮೊದಲು ಹೇಳಬೇಕು. ಅಲ್ಲಿ ತಪ್ಪಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಹಿಂದೊಮ್ಮೆ ಬೇರೆ ದೇಶಕ್ಕೆ ಗುಂಪಿನಲ್ಲಿ ಹೋಗಿದ್ದೆವು. ಆರು ದಿನ, ಐದು ಊರು. ದಿನಾ ಬೆಳಿಗ್ಗೆ 6ಕ್ಕೆ ಸೂಟ್‌ಕೇಸ್ ಹೊರಗಿಡಬೇಕು, ಸಂಜೆ ಇನ್ನೊಂದು ಊರಲ್ಲಿ ತೆಗೆಯಬೇಕು. ವಾಪಸ್ ಬಂದಾಗ ನನಗೆ ನೆನಪಿದ್ದದ್ದು ಹೋಟೆಲುಗಳ ಲಿಫ್ಟು ಮಾತ್ರ. ಅದಕ್ಕೇ ಈ ಸಲ ಕಾರ್ಯಕ್ರಮದ ಪಟ್ಟಿಯಲ್ಲಿ ಜಾಗಗಳ ಹೆಸರು ಓದಲಿಲ್ಲ, ರಾತ್ರಿಗಳನ್ನು ಎಣಿಸಿದೆ. ಒಂಬತ್ತು ರಾತ್ರಿ. ಹನೋಯ್ 3, ಹಾ ಲಾಂಗ್ ಕೊಲ್ಲಿಯ ಹಡಗಿನಲ್ಲಿ 1, ಹೋಯ್ ಆನ್ 3, ಹೋ ಚಿ ಮಿನ್ ಸಿಟಿ (ಹಳೇ ಹೆಸರು ಸೈಗಾನ್) 2. ಒಂದೇ ಹೋಟೆಲಿನಲ್ಲಿ ಮೂರು ರಾತ್ರಿ ಇದ್ದರೆ ಕನಿಷ್ಠ ಎರಡು ಬೆಳಗು ನಿಮ್ಮ ಕೈಗೆ ಸಿಗುತ್ತವೆ.

ಫೋನಿನಲ್ಲಿ ಇನ್ನೂ ನಾಲ್ಕು ವಿಷಯ ಕೇಳಿದೆ. ಗುಂಪಿನಲ್ಲಿ ಎಷ್ಟು ಜನ? ಹೋಟೆಲು ಊರೊಳಗಾ, ಹೊರಗಾ? ಅಂಗಡಿಗೆ ಎಷ್ಟು ಕಡೆ ಕರೆದುಕೊಂಡು ಹೋಗುತ್ತೀರಿ? ಎಲ್ಲಾ ಊಟವೂ ನಿಮ್ಮದೇನಾ? ಕೊನೆಯ ಪ್ರಶ್ನೆಗೆ "ಮೂರು ಹೊತ್ತೂ ನಮ್ಮದೇ ಊಟ, ಚಿಂತೆ ಬೇಡ" ಎಂದು ಹೆಮ್ಮೆಯಿಂದ ಹೇಳಿದವರನ್ನು ನಾನು ಬಿಟ್ಟೆ. ಎರಡು ಹೊತ್ತು ಅವರದ್ದು, ನಡುವೆ ಕೆಲವು ಹೊತ್ತು ನಮ್ಮ ಪಾಡಿಗೆ ಅಂದವರನ್ನು ಆರಿಸಿದೆ. ಗುಂಪಿನಲ್ಲಿ 22 ಜನ, ಎಲ್ಲರೂ ಕನ್ನಡದವರು, ಹೆಚ್ಚಿನವರು ಅರವತ್ತರ ಆಸುಪಾಸು.

ವೀಸಾ ಕಷ್ಟವೇನಲ್ಲ. ಒಮ್ಮೆ ಹೋಗಿಬರುವ ಇ-ವೀಸಾಕ್ಕೆ 25 ಡಾಲರ್. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಅರ್ಜಿಯಲ್ಲಿ ಇರಬೇಕು, ಅಷ್ಟೆ. ಕಾಲ ಮಾತ್ರ ಯೋಚಿಸಿ ಆರಿಸಬೇಕು. ದೇಶ ಉದ್ದಕ್ಕಿದೆ, ಮೂರು ಕಡೆ ಮೂರು ಥರದ ಹವೆ. ನಾವು ಮಾರ್ಚಿನಲ್ಲಿ ಹೋದೆವು. ಹನೋಯ್‌ನಲ್ಲಿ ಸ್ವೆಟರ್ ಬೇಕಾಯಿತು, ನಡುಭಾಗ ಹಿತವಾಗಿತ್ತು, ಸೈಗಾನ್‌ನಲ್ಲಿ ಬೆವರು ಸುರಿಯಿತು.

ಈಗ ಆ ಬಸ್ಸಿಗೆ ವಾಪಸ್. ನಾವು ಹೊರಟಿದ್ದು ನಿನ್ ಬಿನ್ ಕಡೆಯ ತಾಮ್ ಕೋಕ್‌ಗೆ. ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹೊಳೆ, ಹೊಳೆಯ ಎರಡೂ ದಡದಲ್ಲಿ ಗದ್ದೆ. ಮೂರು ಕಡೆ ಹೊಳೆ ಗುಡ್ಡದ ಹೊಟ್ಟೆಯೊಳಗೇ ನುಗ್ಗಿ ಹೋಗುತ್ತದೆ. ದೋಣಿ ನಡೆಸುವವರು ಹೆಚ್ಚಾಗಿ ಹೆಂಗಸರು, ಹುಟ್ಟು ಹಾಕುವುದು ಕಾಲಿನಲ್ಲಿ! ಹಿಂದಕ್ಕೆ ಒರಗಿ ಕೂತು, ಸೈಕಲ್ ತುಳಿದ ಹಾಗೆ ಎರಡೂ ಪಾದದಿಂದ ಹುಟ್ಟು ತಿರುಗಿಸುತ್ತಾರೆ. ಗವಿಯೊಳಗೆ ಹೋದಾಗ ಒಮ್ಮೆಲೇ ತಂಪು, ಕತ್ತಲು, ಹುಟ್ಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತಲೆ ಮೇಲಿನ ಬಂಡೆ ಕೈಗೆ ಎಟಕುವಷ್ಟು ಹತ್ತಿರ.

ದಡಕ್ಕೆ ಬಂದ ಮೇಲೆ ಗೈಡ್ ನನ್ನನ್ನು ಒಂದು ಪುಟ್ಟ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಮುಂದೆ ಬುಟ್ಟಿಯಲ್ಲಿ ವೀಳ್ಯದೆಲೆ, ಹಸಿರು ಸಿಪ್ಪೆಯ ಎಳೆ ಅಡಿಕೆ, ಸುಣ್ಣದ ಡಬ್ಬಿ. ನಾವು ಕವಳ (ಎಲೆ ಅಡಿಕೆ) ಹಾಕುವುದು ಹೆಚ್ಚಾಗಿ ಒಣಗಿದ ಅಡಿಕೆಯಲ್ಲಿ. ಅವಳು ಹಸಿ ಅಡಿಕೆಯನ್ನೇ ಸಿಪ್ಪೆ ತೆಗೆದು, ಲಿಂಬೆಹಣ್ಣು ಹೋಳು ಮಾಡಿದ ಹಾಗೆ ಉದ್ದುದ್ದ ಸೀಳಿದಳು. ಎಲೆಯ ಬೆನ್ನಿಗೆ ಸುಣ್ಣ ಸವರಿ, ಸುರುಳಿ ಸುತ್ತಿ, ತೊಟ್ಟಿನ ತುದಿಯನ್ನೇ ಎಲೆಗೆ ಚುಚ್ಚಿ ಬಿಗಿದಳು. ನನ್ನ ಕೈಗೆ ಕೊಟ್ಟಳು. ಎಲೆ ನಮ್ಮದಕ್ಕಿಂತ ದಪ್ಪ, ಖಾರ ಜಾಸ್ತಿ. ಹಸಿ ಅಡಿಕೆ ಒಗರು. ಎರಡು ನಿಮಿಷಕ್ಕೆ ಬಾಯಿ ಕೆಂಪಾಯಿತು, ಕಿವಿ ಬಿಸಿಯಾಯಿತು. ಅಜ್ಜಿ ನನ್ನ ಮುಖ ನೋಡಿ ನಕ್ಕಳು. ಅವಳ ಹಲ್ಲು ಪೂರ್ತಿ ಕಪ್ಪು. ಹಿಂದಿನ ಕಾಲದಲ್ಲಿ ಅಲ್ಲಿ ಹೆಂಗಸರು ಹಲ್ಲಿಗೆ ಬೇಕೆಂದೇ ಕಪ್ಪು ಬಣ್ಣ ಹಾಕಿಸಿಕೊಳ್ಳುತ್ತಿದ್ದರು. ಅದು ಅಂದದ ಲಕ್ಷಣ. ಈಗ ಉಳಿದಿರುವುದು ಇಂಥ ಅಜ್ಜಿಯರ ಬಾಯಲ್ಲಿ ಮಾತ್ರ.

ಬಸ್ಸಿಗೆ ನಡೆಯುವಾಗ ಗೈಡ್ ಕಥೆ ಹೇಳಿದಳು. ಇಬ್ಬರು ಅಣ್ಣತಮ್ಮಂದಿರು, ನೋಡಲು ಒಂದೇ ಥರ. ಅಣ್ಣನಿಗೆ ಮದುವೆಯಾಯಿತು. ಒಂದು ದಿನ ಅತ್ತಿಗೆ ಮೈದುನನನ್ನೇ ಗಂಡ ಅಂದುಕೊಂಡು ಅಪ್ಪಿದಳು. ಮನಸ್ಸು ಮುರಿದು ತಮ್ಮ ಮನೆ ಬಿಟ್ಟ, ಹೊಳೆ ದಡದಲ್ಲಿ ಸತ್ತು ಸುಣ್ಣದ ಕಲ್ಲಾದ. ಹುಡುಕಿಕೊಂಡು ಬಂದ ಅಣ್ಣ ಆ ಕಲ್ಲಿಗೆ ಒರಗಿ ಸತ್ತು ಅಡಿಕೆ ಮರವಾದ. ಗಂಡನನ್ನು ಹುಡುಕಿ ಬಂದ ಹೆಂಡತಿ ಮರವನ್ನು ತಬ್ಬಿ ವೀಳ್ಯದ ಬಳ್ಳಿಯಾದಳು. ಮೂರೂ ಸೇರಿದರೆ ಬಣ್ಣ ಕೆಂಪು. ಅದಕ್ಕೇ ಅಲ್ಲಿ ಮದುವೆ ನಿಶ್ಚಯಕ್ಕೆ ಗಂಡಿನ ಕಡೆಯವರು ಎಲೆ ಅಡಿಕೆ ತರಲೇಬೇಕು. ಮಾತು ಶುರುವಾಗುವುದು ಕವಳದಿಂದ ಎಂದೂ ಒಂದು ಗಾದೆ ಇದೆ ಎಂದಳು. ನಮ್ಮಲ್ಲಿ ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡುವುದನ್ನು ನಾನು ಹೇಳಿದೆ. ವೀಳ್ಯ ಶಾಸ್ತ್ರದ ಬಗ್ಗೆ ಹೇಳಿದೆ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೇ ವೀಳ್ಯದ ಬಳ್ಳಿ ಹಬ್ಬಿಸುತ್ತೇವೆ ಎಂದೆ. ಇಷ್ಟು ವರ್ಷ ಅದನ್ನು ಕಂಡಿದ್ದೇನೆ, ಆದರೆ ಆ ಬಳ್ಳಿ ಮರವನ್ನು ತಬ್ಬಿಕೊಂಡಿದೆ ಅಂತ ಅನಿಸಿರಲಿಲ್ಲ.

ಹಾ ಲಾಂಗ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಹೇಳುವುದು ಇಷ್ಟೇ: ಹಗಲಲ್ಲಿ ಹೋಗಿ ಬರುವ ಬದಲು ಒಂದು ರಾತ್ರಿ ಹಡಗಿನಲ್ಲಿ ಮಲಗಿ. ಬೆಳಗ್ಗೆ ಐದೂವರೆಗೆ ಮಂಜಿನೊಳಗಿಂದ ಒಂದೊಂದೇ ಗುಡ್ಡ ಹೊರಬರುವುದನ್ನು ನೋಡಲು ಆ ಖರ್ಚು ಮಾಡಬಹುದು.

ಊಟದ ಭಯ ಎಲ್ಲರಿಗೂ ಇತ್ತು. ಗುಂಪಿನಲ್ಲಿ ಹನ್ನೆರಡು ಜನ ಸಸ್ಯಾಹಾರಿಗಳು. ‘ಆನ್ ಚಾಯ್’ ಅಂದರೆ ಸಸ್ಯಾಹಾರ ತಿನ್ನುವುದು ಅಂತ. ಈ ಎರಡು ಪದ ಚೀಟಿಯಲ್ಲಿ ಅವರ ಲಿಪಿಯಲ್ಲೇ ಬರೆಸಿಕೊಂಡೆ, ಕೆಳಗೆ ‘ಮೀನಿನ ಸಾಸ್ ಬೇಡ’ ಎಂದೂ ಬರೆಸಿದೆ. ಎರಡನೇ ಸಾಲೇ ಮುಖ್ಯ, ಯಾಕೆಂದರೆ ತರಕಾರಿ ಪಲ್ಯಕ್ಕೂ ಅದನ್ನು ಹಾಕುವ ರೂಢಿ ಇದೆ. ಬೌದ್ಧರು ಚಾಂದ್ರಮಾಸದ ಒಂದನೇ ದಿನ ಮತ್ತು ಹದಿನೈದನೇ ದಿನ ಸಸ್ಯಾಹಾರ ಮಾಡುತ್ತಾರೆ. ಹಾಗಾಗಿ ಸಸ್ಯಾಹಾರದ ಪುಟ್ಟ ಊಟದ ಮನೆಗಳು ಊರಲ್ಲಿ ಇದ್ದೇ ಇರುತ್ತವೆ. ಹೋಯ್ ಆನ್‌ನಲ್ಲಿ ಅಂಥದ್ದೊಂದರಲ್ಲಿ ಬಾಳೆ ಹೂವಿನ ಕೋಸಂಬರಿ ತಿಂದೆ. ಮೇಲೆ ಹುರಿದ ಶೇಂಗಾ, ಲಿಂಬೆ ರಸ. ನಾವು ಬಾಳೆ ಹೂವನ್ನು ಬೇಯಿಸಿ ಪಲ್ಯ ಮಾಡುತ್ತೇವೆ, ಅವರು ತೆಳ್ಳಗೆ ಹೆಚ್ಚಿ ಹುಳಿ ನೀರಲ್ಲಿ ಹಾಕಿ ಹಸಿಯಾಗೇ ತಿನ್ನುತ್ತಾರೆ.

ಹೋಯ್ ಆನ್ ಹತ್ತಿರದ ಚಾ ಕ್ವೆ ಎಂಬ ತರಕಾರಿ ಹಳ್ಳಿಯಲ್ಲಿ ನಾನು ಬಸ್ಸಿಗೆ ತಡ ಮಾಡಿದೆ. ಪಟ್ಟಿ ಪಟ್ಟಿಯಾಗಿ ಪುದೀನ, ತುಳಸಿ ಜಾತಿಯ ಸೊಪ್ಪು, ಈರುಳ್ಳಿ. ಹೆಗಲ ಮೇಲೆ ಅಡ್ಡೆ, ಎರಡು ಕಡೆ ನೀರಿನ ಕ್ಯಾನು. ಗೊಬ್ಬರ ಯಾವುದು ಅಂತ ಕೇಳಿದರೆ ಪಕ್ಕದ ಹೊಳೆಯ ಪಾಚಿ! ಅದನ್ನು ಮಣ್ಣಿನೊಳಗೆ ಹೂತು ಮೇಲೆ ಸಸಿ ನೆಡುತ್ತಾರೆ. ನಮ್ಮಲ್ಲಿ ಬೆಟ್ಟದ ಸೊಪ್ಪು ತಂದು ಹಾಕುವ ಹಾಗೆ. ಟೂರ್ ಮ್ಯಾನೇಜರ್ ಹುಡುಗ "ಅಮ್ಮಾ, ಎಲ್ಲರೂ ಕೂತಾಯ್ತು" ಎಂದು ಎರಡು ಸಲ ಬಂದು ಕರೆದ. ಉಳಿದವರ ಸಮಯ ತಿಂದದ್ದು ನನ್ನ ತಪ್ಪು, ಕ್ಷಮೆ ಕೇಳಿದೆ. ಗುಂಪಿನಲ್ಲಿ ಹೋದಾಗ ಗಡಿಯಾರ ಎಲ್ಲರದ್ದು. ಮರುದಿನ ಐದೂವರೆಗೇ ಎದ್ದು ನಾವಿಬ್ಬರೇ ಹೊಳೆ ದಡದ ಸಂತೆಗೆ ನಡೆದೆವು. ಎಂಟಕ್ಕೆ ತಿಂಡಿಗೆ ವಾಪಸ್. ಆಮೇಲೆ ದಿನಾ ಹೀಗೇ ಮಾಡಿದೆವು.

ಮಿ ಸನ್ ನನ್ನನ್ನು ಅಲುಗಾಡಿಸಿತು. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಬೆಟ್ಟಗಳ ನಡುವಿನ ಬಟ್ಟಲಿನಂಥ ಜಾಗದಲ್ಲಿ, ಹಿಂದೆ ಈ ನಡುಭಾಗ ಆಳುತ್ತಿದ್ದ ಚಾಮ್ ರಾಜರ ಇಟ್ಟಿಗೆ ಗುಡಿಗಳು. 4ನೇ ಶತಮಾನದಲ್ಲಿ ಭದ್ರವರ್ಮ ಇಲ್ಲಿ ಭದ್ರೇಶ್ವರನನ್ನು ನಿಲ್ಲಿಸಿದ. ಸಂಸ್ಕೃತ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬಿಗೆ ಇಲ್ಲಿನ ದೊಡ್ಡ ಗುಡಿ ಉರುಳಿತು. ಬಾಂಬು ಬಿದ್ದ ಗುಂಡಿಯಲ್ಲಿ ಈಗ ಹುಲ್ಲು ಬೆಳೆದಿದೆ. ನಮ್ಮ ಪುರಾತತ್ವ ಇಲಾಖೆಯವರು ಇಲ್ಲಿ ದುರಸ್ತಿ ಕೆಲಸ ಮಾಡಿದ್ದಾರೆ. 2020ರಲ್ಲಿ ಅವರು ಅಗೆಯುವಾಗ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಪಾಣಿಪೀಠದ ಮೇಲೆ ಬಿಸಿಲು ಬಿದ್ದಿತ್ತು. ಗುಂಪಿನ ಒಬ್ಬ ಹಿರಿಯರು ಚಪ್ಪಲಿ ಕಳಚಿ, ಬಾಟಲಿಯ ನೀರನ್ನು ಕೈಯಲ್ಲಿ ಹಿಡಿದು, ಹಾಕಲೋ ಬೇಡವೋ ಎಂದು ನಿಂತರು. ಹಾಕಲಿಲ್ಲ. ಕೈಮುಗಿದು ಬಂದರು.

ದುಡ್ಡಿನ ಮಾತೊಂದು ಹೇಳಲೇಬೇಕು. 20,000 ಡಾಂಗ್ ನೋಟು ನೀಲಿ, 5 ಲಕ್ಷ ಡಾಂಗ್ ನೋಟೂ ನೀಲಿ. ಸಂಜೆಗತ್ತಲಲ್ಲಿ ನಮ್ಮನೆಯವರು ಎಳನೀರಿಗೆ ಒಂದು ಬದಲು ಇನ್ನೊಂದು ಕೊಟ್ಟರು. 1,600 ರೂಪಾಯಿಗೂ ಜಾಸ್ತಿ. ಹೋಟೆಲಿಗೆ ಬಂದು ಎಣಿಸಿದಾಗಲೇ ತಿಳಿದದ್ದು. ಮಾರನೇ ದಿನದಿಂದ ದೊಡ್ಡ ನೋಟುಗಳನ್ನು ಬೇರೆ ಪರ್ಸಿನಲ್ಲಿ ಇಟ್ಟೆವು. ನೀವು ಮೊದಲ ದಿನವೇ ಹಾಗೆ ಮಾಡಿ. ಹಾಗೇ, ಸೈಗಾನ್ ಹತ್ತಿರದ, ಯುದ್ಧಕಾಲದ ಕು ಚಿ ಸುರಂಗಕ್ಕೆ ಮಂಡಿ ನೋವಿರುವವರು ಇಳಿಯಬೇಡಿ. ಪ್ರವಾಸಿಗರಿಗೆ ಅಂತ ಅಗಲ ಮಾಡಿದ್ದಾರೆ, ಆದರೂ ಕುಕ್ಕರಗಾಲಲ್ಲೇ ಸಾಗಬೇಕು. ನಾನು ಮೇಲೆಯೇ ನಿಂತೆ.

ಉತ್ತರದ ಗೈಡ್ ಹುಡುಗಿ ನಮ್ಮನ್ನು ಹನೋಯ್ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟಿದ್ದಳು. ಅಲ್ಲಿಂದ ಮುಂದಕ್ಕೆ ಬೇರೆ ಗೈಡ್‌ಗಳು. ಹೊರಡುವಾಗ ನಂಬರ್ ಕೊಟ್ಟು, "ನಿಮ್ಮಲ್ಲಿ ಕೊಯ್ಲು ಯಾವಾಗ? ತೋರಿಸಿ" ಎಂದಿದ್ದಳು. ಕಳೆದ ಕೊಯ್ಲಿನಲ್ಲಿ, ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮರದ ತುದಿಯಲ್ಲಿ ಕೂತು, ಮರವನ್ನು ಜೀಕಿ, ಕೆಳಗಿಳಿಯದೇ ಪಕ್ಕದ ಮರಕ್ಕೆ ದಾಟುವುದನ್ನು ವಿಡಿಯೋ ಮಾಡಿ ಕಳಿಸಿದೆ. ಸಂಜೆ ಉತ್ತರ ಬಂತು. ಅವಳ ಅಮ್ಮ ಅದನ್ನು ನಾಲ್ಕು ಸಲ ನೋಡಿದರಂತೆ. ಅಮ್ಮನ ಪ್ರಶ್ನೆಯನ್ನು ಅವಳು ಇಂಗ್ಲಿಷಿನಲ್ಲಿ ಬರೆದಿದ್ದಳು: ಮಳೆ ಬಂದ ದಿನವೂ ಅವರು ಹೀಗೇ ದಾಟುತ್ತಾರಾ? ಇಲ್ಲ, ಮರ ಒದ್ದೆಯಿದ್ದರೆ ನಾವು ಹತ್ತಿಸುವುದಿಲ್ಲ, ಒಣಗುವವರೆಗೆ ಕಾಯುತ್ತೇವೆ ಎಂದು ಬರೆದೆ. ಅವರ ಮನೆ ಮುಂದಿನ ನಾಲ್ಕು ಮರದ ಫೋಟೋ ಆಮೇಲೆ ಬಂತು. ಒಂದಕ್ಕೆ ವೀಳ್ಯದ ಬಳ್ಳಿ ಹಬ್ಬಿಸಿದ್ದಾರೆ.