ಹೀಟರ್ ಇಲ್ಲದ ಗ್ರೀನ್‌ಹೌಸ್‌ನಲ್ಲಿ ಚಳಿಗಾಲದ ಸೊಪ್ಪು: ಹೊಸಬರಿಗೆ

ಚಳಿದೇಶಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ನವೆಂಬರಿನಲ್ಲಿ ಗ್ರೀನ್‌ಹೌಸ್ ಒಳಗೆ ಕೊತ್ತಂಬರಿ ಬಿತ್ತುತ್ತಾರೆ. ಮೊಳಕೆ ಬಂದರೂ ಎರಡೆಲೆಯಲ್ಲೇ ಫೆಬ್ರವರಿವರೆಗೆ ಕೂತಿರುತ್ತದೆ. ಆಮೇಲೆ ಬೈಗುಳವೆಲ್ಲ ಚಳಿಗೆ. ನಿಜವಾಗಿ ಸಾಲದೇ ಹೋಗಿದ್ದು ಬೆಳಕು. ಹಗಲು 10 ಗಂಟೆಗಿಂತ ಕಡಿಮೆಯಾದರೆ ಸೊಪ್ಪಿನ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಉತ್ತರ ಗೋಳಾರ್ಧದ 50 ಡಿಗ್ರಿ ಅಕ್ಷಾಂಶದಲ್ಲಿ ಈ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. 40 ಡಿಗ್ರಿಯಲ್ಲಿ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ. (ದಕ್ಷಿಣ ಗೋಳಾರ್ಧದವರು ಆರು ತಿಂಗಳು ಸರಿಸಿಕೊಳ್ಳಿ.) ಈ ಕಾಲ ಶುರುವಾಗುವಷ್ಟರೊಳಗೆ ಗಿಡ ಮುಕ್ಕಾಲು ಪಾಲು ಬೆಳೆದಿರಬೇಕು. ಆಮೇಲೆ ಗ್ರೀನ್‌ಹೌಸ್ ಬರೀ ಕಣಜ: ಬೆಳೆದದ್ದನ್ನು ಜೀವಂತ ಇಟ್ಟು, ಬೇಕಾದಾಗ ಕಿತ್ತುಕೊಳ್ಳುವ ಜಾಗ.

50 ಡಿಗ್ರಿ ಅಕ್ಷಾಂಶದಲ್ಲಿ ಬಿತ್ತನೆಯ ಲೆಕ್ಕ ಹೀಗೆ. ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು), ಪಾರ್ಸ್ಲಿ (ಕೊತ್ತಂಬರಿಯಂತೆ ಕಾಣುವ ಸೊಪ್ಪು) ಜುಲೈನಲ್ಲಿ. ಪಾರ್ಸ್ಲಿ ಮೊಳೆಯಲು ಮೂರು ವಾರ ಹಿಡಿದರೂ ಗಾಬರಿ ಬೇಡ. ಪಾಲಕ್, ಕೊತ್ತಂಬರಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ. ಸಾಸಿವೆ ಸೊಪ್ಪು ಸೆಪ್ಟೆಂಬರ್ ಮಧ್ಯದವರೆಗೂ ಆಗುತ್ತದೆ. ಧನಿಯಾ ಕಾಳನ್ನು ಒತ್ತಿ ಎರಡು ಹೋಳು ಮಾಡಿ 1 ಸೆಂ.ಮೀ. ಆಳಕ್ಕೆ ಹಾಕಿ. ಪಾಲಕ್ ಬೀಜ ಬಿಸಿ ಮಣ್ಣಿನಲ್ಲಿ ಸರಿಯಾಗಿ ಮೊಳೆಯದು. ಆಗಸ್ಟ್‌ನಲ್ಲಿ ಪಾತಿಗೆ ನೆರಳು ಕಟ್ಟಿ. ಮೆಂತ್ಯ ತುಸುವೇ ಹೆಪ್ಪುಗಟ್ಟುವ ಚಳಿ ತಡೆದೀತು, ಗಟ್ಟಿ ಚಳಿ ತಡೆಯದು. ಅದನ್ನು ಶರತ್ಕಾಲದಲ್ಲೇ ಕಿತ್ತು ಮುಗಿಸಿ. ಮೆಣಸಿನಕಾಯಿ, ತುಳಸಿ, ಕರಿಬೇವು ಮನೆಯೊಳಗೆ ಹೋಗಬೇಕು, ಚರ್ಚೆಯೇ ಇಲ್ಲ. ಆದಷ್ಟೂ ನೆಲದ ಪಾತಿಯಲ್ಲೇ ಬೆಳೆಯಿರಿ, ಕುಂಡದ ಮಣ್ಣು ಸುತ್ತಲಿಂದಲೂ ಹೆಪ್ಪುಗಟ್ಟುತ್ತದೆ.

ರಾತ್ರಿ ಹೊತ್ತು ಒಂದೇ ಪದರದ ಗಾಜು ಹೊರಗಿನ ಚಳಿಗಿಂತ ಎರಡು-ಮೂರು ಡಿಗ್ರಿ ಉಳಿಸಿದರೆ ಹೆಚ್ಚು. ಹಾಗಾಗಿ ಒಳಗೂ ಒಂದು ಹೊದಿಕೆ ಬೇಕು. ದಪ್ಪ ತಂತಿಯನ್ನು ಸುಮಾರು 30 ಸೆಂ.ಮೀ. ಎತ್ತರಕ್ಕೆ ಕಮಾನು ಬಗ್ಗಿಸಿ, ಮೇಲೆ ಚದರ ಮೀಟರಿಗೆ 30 ಗ್ರಾಂ ತೂಕದ ಫ್ಲೀಸ್ (ಗಿಡಕ್ಕೆ ಹೊದಿಸಲೆಂದೇ ಸಿಗುವ, ಬೆಳಕು ಹಾಯುವ ತೆಳು ಬಟ್ಟೆ) ಹೊದಿಸಿ, ಅಂಚಿಗೆ ಕಲ್ಲಿಡಿ. ಬಟ್ಟೆ ಎಲೆಗೆ ತಾಗಿದರೆ ಅಂಟಿಕೊಂಡು ಹೆಪ್ಪುಗಟ್ಟಿ, ಎತ್ತುವಾಗ ಎಲೆಯೂ ಹರಿದುಬರುತ್ತದೆ. ಶಾಖ ಹಿಡಿದಿಡಲೆಂದು ನೀರಿನ ಬಾಟಲಿ ಜೋಡಿಸುವವರಿದ್ದಾರೆ. 100 ಲೀಟರ್ ನೀರು 10 ಡಿಗ್ರಿಯಿಂದ 0ಗೆ ಇಳಿದಾಗ ಬಿಡುವ ಶಾಖ ಸುಮಾರು 1.2 ಯೂನಿಟ್ ಕರೆಂಟಿನಷ್ಟು, ಅಷ್ಟೆ; ಹತ್ತು ಬಾಟಲಿಯಿಂದ ಏನೂ ಆಗದು.

ಗಟ್ಟಿ ಚಳಿಯ ಬೆಳಿಗ್ಗೆ ಪಾಲಕ್ ನೋಡಿದರೆ ಸತ್ತೇಹೋಯಿತು ಅನಿಸುತ್ತದೆ. ಎಲೆ ನೆಲಕ್ಕೆ ಒರಗಿ, ಕಡುಹಸಿರಾಗಿ, ಒದ್ದೆ ಗಾಜಿನ ಹಾಗೆ ಕಾಣುತ್ತದೆ. ಮುಟ್ಟಬೇಡಿ. ಜೀವಕೋಶದ ನೀರು ಹೊರಬಂದು ಕೋಶಗಳ ನಡುವೆ ಮಂಜುಗಡ್ಡೆಯಾಗಿರುತ್ತದೆ; ಕರಗುತ್ತಿದ್ದಂತೆ ಒಳಕ್ಕೆ ಹಿಂದಿರುಗಿ ಎಲೆ ಎದ್ದು ನಿಲ್ಲುತ್ತದೆ. ಹೆಪ್ಪಿನಲ್ಲೇ ಕಿತ್ತರೆ ಪಾತ್ರೆಯಲ್ಲಿ ಕರಗಿ ಲೊಳೆಯಾಗುತ್ತದೆ. ಪೂರ್ತಿ ಕರಗಿದ ಮೇಲೆ ಹೊರಗಿನ ಎಲೆಗಳನ್ನಷ್ಟೇ ಕಿತ್ತು, ನಡುವಿನ ಸುಳಿ ಬಿಡಿ.

ಚಳಿಗಿಂತ ಹೆಚ್ಚು ಗಿಡ ಕೊಲ್ಲುವುದು ಮುಚ್ಚಿದ ಬಾಗಿಲು. ತೇವ ಒಳಗೇ ನಿಂತು ಎಲೆಯ ಮೇಲೆ ಬೂದು ಬೂಷ್ಟು ಹತ್ತಿದರೆ ವಾರದಲ್ಲಿ ಪಾತಿಯೇ ಖಾಲಿ. ಬಿಸಿಲು ಬಿದ್ದು ಒಳಗೆ 10 ಡಿಗ್ರಿ ದಾಟಿದರೆ ಕಿಟಕಿ ತೆರೆದು ಫ್ಲೀಸ್ ಸರಿಸಿ. ಸೂರ್ಯ ಇಳಿಯುವ ಎರಡು ಗಂಟೆ ಮುಂಚೆ ಎಲ್ಲ ಮುಚ್ಚಿ. ಹಳದಿ ಎಲೆ ಕಂಡರೆ ಆಗಲೇ ತೆಗೆಯಿರಿ. ನೀರು ಹಾಕುವ ಮುಂಚೆ ಮಣ್ಣಿಗೆ ಬೆರಳಿಡಿ: ಎರಡು ಗೆಣ್ಣು ಆಳದಲ್ಲೂ ಒಣಗಿದ್ದರೆ ಮಾತ್ರ, ಅದೂ ಬೆಳಿಗ್ಗೆ, ಬುಡಕ್ಕೆ. ಡಿಸೆಂಬರಿನಲ್ಲಿ ಎರಡು-ಮೂರು ವಾರ ನೀರೇ ಬೇಡವಾಗಬಹುದು.

ಫೆಬ್ರವರಿ ಕೊನೆಗೆ ಗಿಡ ಒಮ್ಮೆಲೇ ಚಿಗುರುತ್ತದೆ, ಜೊತೆಗೆ ಎಲೆಯಡಿ ಗಿಡಹೇನೂ ಬರುತ್ತದೆ. ಬೆರಳಲ್ಲಿ ಉಜ್ಜಿ ತೆಗೆಯಿರಿ. ಚಳಿ ಕಳೆದ ಪಾಲಕ್ ಏಪ್ರಿಲ್ ಹೊತ್ತಿಗೆ ಹೂದಂಟು ಎತ್ತುವುದರಿಂದ, ಮುಂದಿನ ಬೀಜವನ್ನು ಆಗಲೇ ಪಕ್ಕದ ಸಾಲಿಗೆ ಹಾಕಿಬಿಡಿ.